ಬಾಗಿಲ ಬಳಿಯ ನೆಲ

ಆ ಗಂಡ ಹೆಂಡತಿ ಹೊಸ ಮನೆಗೆ ಬಂದದ್ದು ಒಂದು ಸಣ್ಣ ಲಾರಿಯಲ್ಲಿ. ಲಾರಿಯ ಮುಕ್ಕಾಲು ಪಾಲು ಕಸುಬಿನ ಸಾಮಾನೇ ತುಂಬಿತ್ತು. ಅವನದು ನೆಲಕ್ಕೆ ಟೈಲ್ಸ್ ಹಾಕುವ ಕೆಲಸ, ಅವಳದು ಗೋಡೆಗೆ ಬಣ್ಣ ಬಳಿಯುವ ಕೆಲಸ. ಏಣಿ, ಬಕೆಟ್ಟುಗಳು, ಟೈಲ್ಸ್ ಕೊಯ್ಯುವ ಯಂತ್ರ, ನೆಲದ ಮಟ್ಟ ನೋಡುವ ಆಳುದ್ದದ ರಸಮಟ್ಟ, ರೋಲರು, ಉಪ್ಪು ಕಾಗದದ ಸುರುಳಿ, ಇವೆಲ್ಲ ಇಳಿದಾದ ಮೇಲೆ ಕಡೆಗೆ ಒಂದು ಹಾಸಿಗೆ, ಒಂದು ಒಲೆ, ನಾಲ್ಕು ಪಾತ್ರೆ, ಎರಡು ಬಟ್ಟೆಯ ಗಂಟು ಇಳಿದವು. ಮನೆಯ ಮಾಲೀಕಳಾದ ಅಜ್ಜಿ ಕೆಳಗಿನ ಮನೆಯಲ್ಲೇ ಇರುವವಳು. ಮೆಟ್ಟಿಲ ಬಳಿ ಕುರ್ಚಿ ಹಾಕಿಕೊಂಡು ಕೂತು ಎಲ್ಲವನ್ನೂ ಕಣ್ಣಲ್ಲೇ ತೂಗಿ ನೋಡಿ, "ಇದೇನಮ್ಮ, ಸಂಸಾರ ಮಾಡೋಕೆ ಬಂದಿದ್ದೀರೋ, ಮನೆ ರಿಪೇರಿಗೆ ಬಂದಿದ್ದೀರೋ?" ಎಂದಳು.

"ಎರಡಕ್ಕೂ ಬಂದಿದ್ದೀವಿ ಅಜ್ಜಿ," ಎಂದಳು ಅವಳು. ಅವನು ಏಣಿ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಮಾತು ಆಡಿದರೆ ಮುತ್ತು ಉದುರುತ್ತದೆ ಎನ್ನುವ ಜಾತಿಯ ಗಂಡಸು ಅವನು.

ಮೂರನೇ ಮಹಡಿಯ ಮನೆ. ಒಂದು ಹಜಾರ, ಒಂದು ಮಲಗುವ ಕೋಣೆ, ಅಡುಗೆಮನೆ, ಬಚ್ಚಲು. ಮುಂಬಾಗಿಲು ತೆರೆದರೆ ನೇರ ಹಜಾರ ಸಿಗುವುದಿಲ್ಲ. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಇಕ್ಕಟ್ಟಿನ, ಉದ್ದನೆಯ ಒಂದು ಪ್ಯಾಸೇಜು ದಾಟಿ ಹೋಗಬೇಕು. ಹಳೇ ಬಾಡಿಗೆದಾರರು ನೆಲವನ್ನು ಕಿತ್ತು ಕೆರ ಹಿಡಿಸಿ ಹೋಗಿದ್ದರು, ಗೋಡೆಗಳು ಚಕ್ಕೆ ಏಳುತ್ತಿದ್ದವು. ಅದಕ್ಕೇ ಆ ಮನೆ ಇವರಿಗೆ ಸಿಕ್ಕಿದ್ದು. "ನೆಲ, ಗೋಡೆ ನಿಮಗೆ ಬೇಕಾದ ಹಾಗೆ ಮಾಡ್ಕೊಳ್ಳಿ, ಎಷ್ಟು ವರ್ಷ ಬೇಕಾದ್ರೂ ಇರಿ, ನನ್ನ ತಲೆ ಮಾತ್ರ ತಿನ್ನಬೇಡಿ," ಎಂದಿದ್ದಳು ಅಜ್ಜಿ.

ಎಷ್ಟು ವರ್ಷ ಬೇಕಾದರೂ ಇರಿ ಎಂಬ ಮಾತನ್ನು ಹೆಂಡತಿ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು. ಯಾಕೆಂದರೆ ಮದುವೆಯಾದ ಮೇಲೆ ಇಂಥ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಕಟ್ಟುವ ಮನೆಗೆ ಕಡೆಯ ಕೆಲಸದವರಾಗಿ ಬರುವವರು ಟೈಲ್ಸಿನವರು, ಬಣ್ಣದವರು. ಕೆಲಸ ಮುಗಿಯುವ ತನಕ ಅದೇ ಮನೆಯಲ್ಲಿ ಅವರ ವಾಸ. ಸಾಮಾನಿಗೆ ಕಾವಲೂ ಆಯಿತು, ಅವರಿಗೆ ಸೂರೂ ಆಯಿತು. ನೆಲ ಹೊಳೆದು, ಗೋಡೆಗೆ ಕಡೆಯ ಕೋಟು ಬಿದ್ದು, ಇನ್ನು ಇಲ್ಲಿ ಹಾಯಾಗಿ ಇರಬಹುದಪ್ಪ ಎನ್ನಿಸುವ ದಿನವೇ ಗಂಟು ಕಟ್ಟಬೇಕು. ಹೀಗೆ ಅವರು ಇದ್ದುಬಂದ ಮನೆಗಳನ್ನು ಲೆಕ್ಕ ಹಾಕಲು ಎರಡೂ ಕೈಯ ಬೆರಳು ಸಾಲವು. ಒಂದರಲ್ಲೂ ಕಿಟಕಿಗೆ ಪರದೆ ಇರಲಿಲ್ಲ.

ಅವರ ಪ್ರೀತಿ ಹುಟ್ಟಿದ್ದೂ ಅಂಥ ಒಂದು ಮನೆಯಲ್ಲೇ. ಅವನು ಆಗತಾನೇ ಕೂರಿಸಿದ ನೆಲದ ಮೇಲೆ ಏಣಿಯ ಮೇಲಿದ್ದ ಇವಳು ಬಣ್ಣ ಚೆಲ್ಲಿದಳು. "ಕಣ್ಣು ಕಾಣಲ್ವಾ?" ಎಂದು ಅವನು ಕೂಗಾಡಿದ. "ಕಾಣುತ್ತೆ, ಕೆಳಗೆ ನೋಡುವಂಥದ್ದು ಏನೂ ಇರಲಿಲ್ಲ ಮೇಸ್ತ್ರಿ," ಎಂದಳು ಇವಳು. ಅಲ್ಲಿಂದ ಅವಳ ಬಾಯಲ್ಲಿ ಅವನು ಮೇಸ್ತ್ರಿಯೇ. ಅವನ ಅಣ್ಣನ ಎದುರಿಗೆ 'ರೀ', ಇಬ್ಬರೇ ಇದ್ದಾಗ 'ನೀನು', ಸಿಟ್ಟು ಬಂದಾಗ 'ಮೇಸ್ತ್ರಿಗಳೇ'.

ಮದುವೆಗೆ ಮುಂಚೆಯೇ ಅವಳು ಒಂದು ಮಾತು ಆಡಿದ್ದಳು. "ನಮ್ಮದು ಅಂತ ಒಂದು ಮನೆ ಆಗೋ ತನಕ ನೀನು ಕರೆದ ಕಡೆ ಬರ್ತೀನಿ. ಮನೆ ಅಂತ ಆದ ಮೇಲೆ ನನ್ನನ್ನ ಕರೀಬೇಡ." ಅವನು ಹೂಂ ಎಂದಿದ್ದ. ಈಗ ಈ ಊರಿನ ದೊಡ್ಡಾಸ್ಪತ್ರೆಯಲ್ಲಿ ಅವಳಿಗೆ ಕಾಯಂ ಕೆಲಸ ಸಿಕ್ಕಿತ್ತು. ಒಂದು ವಾರ್ಡಿನಿಂದ ಶುರು ಮಾಡಿ ಕಡೆಯ ವಾರ್ಡಿನ ತನಕ ಬಣ್ಣ ಬಳಿದು ಮುಗಿಸುವ ಹೊತ್ತಿಗೆ ಮೊದಲನೆಯದರ ಬಣ್ಣ ಮಾಸಿರುತ್ತದೆ. ಮುಗಿಯದ ಕೆಲಸ. ಮುಗಿಯದ ಕೆಲಸ ಸಿಕ್ಕಿತಲ್ಲ ಎಂದು ಖುಷಿಪಟ್ಟವಳು ಆ ಆಸ್ಪತ್ರೆಯಲ್ಲಿ ಅವಳೊಬ್ಬಳೇ ಇರಬೇಕು.

ಮೊದಲ ತಿಂಗಳುಗಳಲ್ಲಿ ಇಬ್ಬರೂ ಹೊರಗಿನ ಕೆಲಸ ಮುಗಿಸಿ ಬಂದು ಮನೆಯ ಕೆಲಸಕ್ಕೆ ಕೈ ಹಾಕುತ್ತಿದ್ದರು. ಅವನು ಅಡುಗೆಮನೆಗೆ ಬೂದುಬಣ್ಣದ ಟೈಲ್ಸ್ ಹಾಕಿದ. ಬಚ್ಚಲಿಗೆ ಜಾರದಂಥವು. ಮಲಗುವ ಕೋಣೆ ಆಯಿತು. ಹಜಾರಕ್ಕೆ ಹಾಲುಬಣ್ಣದ ದೊಡ್ಡ ಟೈಲ್ಸ್ ಹಾಕಿದ; ಸಂದಿ ಎಲ್ಲಿದೆ ಎಂದು ಉಗುರಿನಲ್ಲಿ ಹುಡುಕಬೇಕು, ಹಾಗೆ. ಅವಳು ಗೋಡೆಗಳನ್ನು ಉಜ್ಜಿ, ಪುಟ್ಟಿ ತುಂಬಿ, ಎರಡು ಕೋಟು ಬಳಿದಳು. ಕಿಟಕಿಗೆ ಪರದೆ ಹೊಲಿದು ಹಾಕಿದಳು. ಮುಂಬಾಗಿಲಿಗೆ ಹಸಿರು ಬಣ್ಣ ಹಚ್ಚಿದಳು. ಅಜ್ಜಿ ಮೇಲೆ ಹತ್ತಿ ಬಂದು, ಏದುಸಿರು ಬಿಡುತ್ತ ನೋಡಿ, "ಇಷ್ಟು ಚೆನ್ನಾಗಿ ಮಾಡ್ತೀರಿ ಅಂತ ಗೊತ್ತಿದ್ದಿದ್ರೆ ನಾನೇ ಮೇಲೆ ಬಂದು ಇರ್ತಿದ್ನಲ್ಲೇ," ಎಂದಳು.

ಉಳಿದದ್ದು ಪ್ಯಾಸೇಜು. ಬಾಗಿಲಿನಿಂದ ಹಜಾರದ ತನಕದ ಆ ಇಕ್ಕಟ್ಟು ಜಾಗ. ಕೆಳಗೆ ಒರಟು ಸಿಮೆಂಟು, ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಟೈಲ್ಸುಗಳು. ಒಂದು ಭಾನುವಾರದ ಕೆಲಸ. ಅವನಂಥವನಿಗೆ ಅರ್ಧ ಭಾನುವಾರ.

ಆ ಅರ್ಧ ಭಾನುವಾರ ಬರಲೇ ಇಲ್ಲ. ಒಂದು ಸಲ ಬೆನ್ನು ನೋವು. ಇನ್ನೊಂದು ಸಲ ಸಿಮೆಂಟು ಹಳೆಯದಾಯಿತು ಎಂದ. ಮತ್ತೊಂದು ಸಲ, "ಮುಂದಿನ ವಾರ ಮಾಡಿದ್ರೆ ಆಕಾಶ ಬೀಳುತ್ತಾ?" ಎಂದು ಪೇಪರು ಹಿಡಿದು ಕೂತ. "ನಾಳೆ ಅಂದವನ ಮನೆ ಹಾಳು," ಎಂದಳು ಅವಳು. "ಅದಕ್ಕೇ ಮುಂದಿನ ವಾರ ಅಂದೆ," ಎಂದ ಅವನು. ಅವಳು ನಕ್ಕಳು, ಆ ಸಲ. ಊರಿಗೆಲ್ಲ ಕನ್ನಡಿಯಂಥ ನೆಲ ಹಾಕಿಕೊಡುವವನ ಮನೆಗೆ ಕಾಲಿಡುತ್ತಲೇ ಪಾದಕ್ಕೆ ಮರಳು ಚುಚ್ಚುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ಆಗಲೇ ಅಣ್ಣನ ಫೋನು ಬಂದದ್ದು. ಅವನ ಅಣ್ಣನೂ ಟೈಲ್ಸಿನವನೇ, ದೂರದ ದೊಡ್ಡ ಊರಿನಲ್ಲಿ ಒಂದು ಗಗನಚುಂಬಿ ಕಟ್ಟಡದ ಗುತ್ತಿಗೆ ಹಿಡಿದಿದ್ದ. ಪಿಸುಮಾತು ಎಂದರೇನು ಎಂದು ತಿಳಿಯದ ಮನುಷ್ಯ. ಫೋನು ಕಿವಿಗೆ ಹಿಡಿದರೂ ಅವನ ದನಿ ಅಡುಗೆಮನೆಗೆ ಕೇಳುತ್ತಿತ್ತು. "ಮಹಡಿ ಮೇಲೆ ಮಹಡಿ, ವರ್ಷಗಟ್ಟಲೆ ಕೆಲಸ ಕಣೋ! ಇರೋಕೆ ಸೈಟಲ್ಲೇ ಜಾಗ. ನಿನ್ನ ಕೈ ಇದ್ರೆ ನನಗೆ ಆನೆ ಬಲ. ಶುಕ್ರವಾರ ಸಂಜೆ ಒಳಗೆ ಹೇಳ್ಬಿಡು, ಇಲ್ಲಾಂದ್ರೆ ಬೇರೆಯವರನ್ನ ಹಾಕ್ಕೋತೀನಿ."

"ನೋಡೋಣ ಅಣ್ಣ," ಎಂದ ಅವನು.

ಅವಳು ಒಗ್ಗರಣೆಯ ಸೌಟನ್ನು ಕೆಳಗಿಟ್ಟು ಹಜಾರಕ್ಕೆ ಬಂದಳು. "ಹೋಗ್ತೀಯಾ?"

"ನೋಡೋಣ."

"ನನಗೂ ನೋಡೋಣ, ನಿಮ್ಮಣ್ಣಂಗೂ ನೋಡೋಣ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀಯಲ್ಲ. ನಾನು ಬರಲ್ಲ ಅಂತ ಗೊತ್ತು ತಾನೇ?"

"ಗೊತ್ತು," ಎಂದ. ಅಷ್ಟೇ. ಬೇರೆ ಹೆಂಗಸಾಗಿದ್ದರೆ ಆ ಗೊತ್ತು ಎಂಬ ಪದವನ್ನು ಹಿಡಿದು ಜಗ್ಗಾಡಿ ಒಳಗಿನದೆಲ್ಲ ಈಚೆ ಎಳೆಯುತ್ತಿದ್ದಳು. ಇವಳು ಎಳೆಯಲಿಲ್ಲ. ಎಳೆದರೆ 'ಹೋಗ್ತೀನಿ' ಎಂಬುದೇ ಈಚೆ ಬಂದುಬಿಟ್ಟರೆ ಎಂಬ ಭಯ ಅವಳಿಗೆ.

ಆಮೇಲೆ ಅವಳ ಕಣ್ಣಿಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಬೀರು ತಂದು ಇಷ್ಟು ದಿನವಾದರೂ ಅವನ ಬಟ್ಟೆಗಳು ಗಂಟಿನಲ್ಲೇ ಇದ್ದವು. ಬೇಕಾದಾಗ ಗಂಟು ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಕರಣೆ, ಸುತ್ತಿಗೆಗಳ ಚೀಲ ಸದಾ ಬಾಗಿಲ ಹಿಂದೆ. ಕೆಳಗಿನ ಬೀದಿಯ ಅಂಗಡಿಯವನಿಗೆ ಇವನ ಮುಖ ಗೊತ್ತು, ಯಾವ ಮನೆಯವನೆಂದು ಗೊತ್ತಿಲ್ಲ. ಹೋಗಬೇಕೆಂದು ಇರುವವನು ಯಾಕೆ ತಾನೇ ನೆಲ ಮುಗಿಸುತ್ತಾನೆ? ಅವಳಿಗೆ ಹಾಗೆನ್ನಿಸಿದ ಮೇಲೆ ಪ್ಯಾಸೇಜಿನ ಒರಟು ಸಿಮೆಂಟನ್ನು ನೋಡದೆಯೇ ದಾಟಿ ಒಳಗೆ ಹೋಗುತ್ತಿದ್ದಳು. ಅವನು ಹೋದರೆ ಅವಳು ಈ ಮನೆಯಲ್ಲಿ ಒಬ್ಬಳೇ. ಅವನ ಹಿಂದೆ ಹೋದರೆ ಮತ್ತೆ ಪರದೆಯಿಲ್ಲದ ಕಿಟಕಿಗಳು. ಎರಡೂ ಅವಳಿಗೆ ಬೇಡವಾಗಿತ್ತು.

ಶುಕ್ರವಾರ ಬಂತು. ಅವನು ಬೆಳಗ್ಗೆ ಚೀಲ ಹೆಗಲಿಗೇರಿಸಿ, "ಸಂಜೆ ಮಾತಾಡೋಣ," ಎಂದು ಹೋದ. ಅವಳ ಅದೃಷ್ಟವೋ ಏನೋ, ಆಸ್ಪತ್ರೆಯಲ್ಲಿ ಅಂದು ಬಣ್ಣ ಬಳಿಯಬೇಕಿದ್ದ ವಾರ್ಡು ಖಾಲಿಯಾಗಲಿಲ್ಲ. ರೋಗಿಗಳ ಮಂಚ ಸರಿಸಿ ಬಣ್ಣ ಬಳಿಯಲು ಆಗುವುದಿಲ್ಲ. "ನಾಳೆ ಬಾರಮ್ಮ," ಎಂದು ಮೇಲ್ವಿಚಾರಕ ಕಳಿಸಿಬಿಟ್ಟ. ಮನೆಗೆ ಬಂದು ಪ್ಯಾಸೇಜಿನಲ್ಲಿ ಚಪ್ಪಲಿ ಬಿಟ್ಟಳು. ಮರಳು ಚುಚ್ಚಿತು. "ಥೂ ಇದರ!" ಎಂದು ಗಟ್ಟಿಯಾಗಿ ಬೈದಳು. ಯಾರನ್ನು ಬೈದದ್ದೆಂದು ಅವಳಿಗೇ ಗೊತ್ತಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಟೈಲ್ಸ್ ಹಾಕುವುದನ್ನು ವರ್ಷಗಟ್ಟಲೆ ನೋಡಿದವಳು ಅವಳು. ನೋಡುವುದು ಬೇರೆ, ಮಾಡುವುದು ಬೇರೆ ಎಂಬುದು ಮೊದಲನೇ ಟೈಲ್ಸಿಗೇ ತಿಳಿಯಿತು. ಸಿಮೆಂಟು, ಮರಳು, ನೀರು, ಟೈಲ್ಸು, ಎಲ್ಲವನ್ನೂ ಹಜಾರಕ್ಕೆ ಎಳೆದುಕೊಂಡು ಅಲ್ಲೇ ಗಾರೆ ಕಲಸಿದಳು. ಬಾಗಿಲು ತೆರೆದು, ಹೊಸ್ತಿಲ ಪಕ್ಕ ಮೊಣಕಾಲೂರಿ ಕೂತು ಗಾರೆ ಹರಡಿದಳು. ಮೊದಲನೆಯದು ಕೂತಿತು. ಎರಡನೆಯದು ಒಂದು ಮೂಲೆ ಎತ್ತಿಕೊಂಡಿತು. ಮನೆಯಲ್ಲಿ ಬಿದ್ದಿದ್ದ ಹಳೇ ರಬ್ಬರ್ ಸುತ್ತಿಗೆಯಲ್ಲಿ ಬಡಿದರೆ ಇನ್ನೊಂದು ಮೂಲೆ ಎತ್ತಿಕೊಂಡಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇಲ್ಲಿ ನೆಲವೇ ಡೊಂಕಾಗಿತ್ತು, ಇವಳು ಯಾರ ಮೇಲೆ ಹೇಳಬೇಕು? ಬಡಿದಳು, ಕಿತ್ತಳು, ಮತ್ತೆ ಗಾರೆ ಹಾಕಿದಳು. ಒಂದು ಸಾಲು ಆದ ಮೇಲೆ ಒಂದಿಷ್ಟು ಹಿಂದೆ ಸರಿದು ಇನ್ನೊಂದು ಸಾಲು. ಗೋಡೆ ಪಕ್ಕ ಟೈಲ್ಸ್ ಕೊಯ್ಯುವಲ್ಲಿ ಒಂದು ಒಡೆಯಿತು, ಇನ್ನೊಂದು ಒಡೆಯಿತು, ಮೂರನೆಯದು ದೇವರು ದೊಡ್ಡವನು ಎಂಬಂತೆ ಸರಿಯಾಗಿ ಮುರಿಯಿತು. ಹಿಂದೆ ಸರಿದು, ಹಿಂದೆ ಸರಿದು, ಅವಳ ಪಾದ ಹಜಾರದ ನುಣುಪಾದ ನೆಲಕ್ಕೆ ತಾಗಿದಾಗ ಪ್ಯಾಸೇಜು ಮುಗಿದಿತ್ತು.

ಸೊಂಟ ಹಿಡಿದುಕೊಂಡು ಎದ್ದಳು. ಕೊಳೆ ನೀರಿನ ಬಕೆಟ್ಟು ಎತ್ತಿ ಹೊರಗೆ ಚೆಲ್ಲಿ ಬರೋಣವೆಂದು ಒಂದು ಹೆಜ್ಜೆ ಮುಂದಿಟ್ಟವಳು ಹಾಗೇ ನಿಂತಳು. ಹೋಗುವುದು ಎಲ್ಲಿಂದ? ಹಸಿ ಟೈಲ್ಸಿನ ಮೇಲೆ ಮಾರನೇ ದಿನದ ತನಕ ಕಾಲಿಡುವ ಹಾಗಿಲ್ಲ. ಹೊರಗೆ ಹೋಗುವುದಿರಲಿ, ತೆರೆದ ಬಾಗಿಲನ್ನು ಮುಚ್ಚಲು ಕೂಡ ಆಗದು. "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. ಅಂಗೈಯ ಸಿಮೆಂಟು ಹಣೆಗೆ ಮೆತ್ತಿಕೊಂಡಿತು.

ಅವನು ಬಂದಾಗ ಮೆಟ್ಟಿಲ ದೀಪ ಹತ್ತಿತ್ತು. ಚೀಲ ಹೆಗಲಲ್ಲಿ, ಫೋನು ಕೈಯಲ್ಲಿ. ಹೊಸ್ತಿಲಿನ ತನಕ ಬಂದವನು ನೆಲ ನೋಡಿ ಕಾಲನ್ನು ಗಾಳಿಯಲ್ಲೇ ಹಿಂದಕ್ಕೆ ಎಳೆದುಕೊಂಡ. ಆ ಕಡೆ, ಹಜಾರದ ಅಂಚಿನಲ್ಲಿ ಅವಳು ಕೂತಿದ್ದಳು.

ಅವನು ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೆಲದ ಉದ್ದಕ್ಕೂ ದೃಷ್ಟಿ ಹಾಯಿಸಿದ. ಮನೆಗೆ ಬೆಂಕಿ ಬಿದ್ದರೂ ಅವನು ಮೊದಲು ನೆಲದ ಮಟ್ಟ ನೋಡುವವನೇ. "ಮೂರನೇ ಸಾಲು ಎದ್ದಿದೆ," ಎಂದ.

"ಗೊತ್ತು."

"ಗೋಡೆ ಪಕ್ಕ ಸಂದಿ ಜಾಸ್ತಿ ಆಗಿದೆ."

"ಗೊತ್ತು ಮೇಸ್ತ್ರಿಗಳೇ. ತಪ್ಪು ಹುಡುಕೋಕೆ ಬಂದ್ರೋ, ನಿಮ್ಮಣ್ಣಂಗೆ ಏನು ಹೇಳ್ತೀರಿ ಅಂತ ನನಗೆ ಹೇಳೋಕೆ ಬಂದ್ರೋ?"

ಅವನು ಹೊಸ್ತಿಲನ್ನೂ ಅವಳನ್ನೂ ಮತ್ತೆ ಮತ್ತೆ ನೋಡಿದ. "ಎಲ್ಲಿಂದ ಶುರು ಮಾಡ್ದೆ ಇದನ್ನ?"

"ಬಾಗಿಲಿಂದ."

"ಬಾಗಿಲಿಂದಾನಾ? ಒಳಗಡೆ ಕೂತ್ಕೊಂಡು?" ಅವನ ದನಿ ಎಂದಿನಂತಿರಲಿಲ್ಲ. "ಯಾರಾದ್ರೂ ಹಂಗೆ ಹಾಕ್ತಾರೇನೇ? ಒಳಗಿನ ಮೂಲೆಯಿಂದ ಶುರು ಮಾಡ್ಕೊಂಡು ಹಿಂದೆ ಹಿಂದೆ ಬಂದು ಬಾಗಿಲಲ್ಲಿ ಮುಗಿಸಬೇಕು. ಕಡೇ ಟೈಲ್ಸ್ ಹಾಕೋ ಹೊತ್ತಿಗೆ ನಾವು ಹೊರಗೆ ಇರಬೇಕು. ನಮ್ಮಪ್ಪ ಹಂಗೇ ಹಾಕ್ತಿದ್ದ, ಅಣ್ಣ ಹಂಗೇ, ನಾನೂ ಹಂಗೇ. ನನ್ನ ಜನ್ಮದಲ್ಲಿ ಒಂದು ನೆಲ ಮುಗಿಸಿ ನಾನು ಒಳಗೆ ಉಳಿದಿದ್ದಿಲ್ಲ."

"ಅದಕ್ಕೇ ಮುಗಿಸ್ಲಿಲ್ವಾ ಇದನ್ನ?" ಎಂದು ಅವಳು ಕೇಳಿದಳು. ಬೇಕೆಂದು ಕೇಳಿದ ಪ್ರಶ್ನೆಯಲ್ಲ, ಬಾಯಿಂದ ಬಂದುಬಿಟ್ಟಿತು.

ಅವನು ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತ. ಮಾತಾಡಿದ್ದು ಅವಳ ಜೊತೆಗೋ ಮೆಟ್ಟಿಲ ಪಕ್ಕದ ಕಂಬಿಯ ಜೊತೆಗೋ ಹೇಳುವುದು ಕಷ್ಟ.

"ಚಿಕ್ಕವನಿದ್ದಾಗ ಒಂದು ಮನೆ. ಅಪ್ಪನೇ ನೆಲ ಹಾಕಿದ್ದು. ಮಳೆಗಾಲ ಪೂರ್ತಿ ಅಲ್ಲೇ ಇದ್ವಿ, ನಾನು ಆ ಹಜಾರದಲ್ಲೇ ಬಿದ್ದು ಎದ್ದು ಆಡಿದ್ದು. ನೆಲ ಮುಗೀತು, ಗಂಟು ಕಟ್ಟಿದ್ವಿ. ಗೇಟಿನ ತನಕ ಹೋದ ಮೇಲೆ ನೋಡ್ತೀನಿ, ನನ್ನ ಒಂದು ಚಪ್ಪಲಿ ಇಲ್ಲ. ಓಡಿ ವಾಪಸ್ ಹೋದೆ. ಆ ಮನೆಯಮ್ಮ ಬಾಗಿಲಲ್ಲೇ ನಿಂತಿದ್ಲು. 'ಅಲ್ಲೇ ನಿಲ್ಲು, ನೆಲ ಕೊಳೆ ಆಗುತ್ತೆ' ಅಂದ್ಲು. ಬೈಲಿಲ್ಲ, ಒಳ್ಳೇ ಹೆಂಗಸೇ ಪಾಪ. ಚಪ್ಪಲಿನ ಒಂದು ಕಾಗದದಲ್ಲಿ ಹಿಡ್ಕೊಂಡು ಬಂದು ಕೊಟ್ಲು." ಅವನು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ಈ ಪ್ಯಾಸೇಜು ಹಾಕೋಕೆ ಕೂತ್ರೆ ಕೈ ಓಡ್ತಿರಲಿಲ್ಲ. ಹಾಕ್ತಾ ಹಾಕ್ತಾ ಹೊರಗೆ ಬಂದ್ಬಿಡ್ತೀನಿ, ಆಮೇಲೆ ಯಾರೋ ಬಂದು 'ಆಯ್ತಲ್ಲಪ್ಪ, ಹೊರಡು' ಅಂತಾರೆ ಅನ್ಸೋದು. ಹುಚ್ಚು ಅಂತ ನಂಗೂ ಗೊತ್ತು. ಅಣ್ಣ ಕರೆದಾಗ ಹೋಗ್ಬಿಡೋಣ ಅನ್ನಿಸ್ತು. ಸುಳ್ಳು ಯಾಕೆ ಹೇಳ್ಲಿ? ಹೋಗೋದು ಹೇಗೆ ಅಂತ ಗೊತ್ತು ನಂಗೆ. ಇರೋದು ಹೇಗೆ ಅಂತ ಯಾರೂ ಹೇಳ್ಕೊಟ್ಟಿಲ್ಲ."

ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು. ಇಷ್ಟು ದಿನ ಯಾವುದನ್ನು ಹೋಗುವ ತಯಾರಿ ಎಂದು ತಿಳಿದು ತಾನು ಒಳಗೊಳಗೇ ಬೆಂದಿದ್ದಳೋ, ಆ ಮುಗಿಸದ ನೆಲವೇ ಅವನು ಉಳಿಯಲು ಕಟ್ಟಿಕೊಂಡ ಉಪಾಯವಾಗಿತ್ತು. ಮುತ್ತು ಉದುರಿದರೆ ಉದುರಲಿ ಎಂದು ನಾಲ್ಕು ಮಾತು ಮೊದಲೇ ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವಳು ಬೈಯಬೇಕೆಂದು ಬಾಯಿ ತೆರೆದಳು. ಬಾಯಿಂದ ಬಂದದ್ದು ಬೇರೆ.

"ನೀನು ಕೇಳಿದ್ಯಲ್ಲ, ಯಾರು ಹಂಗೆ ಹಾಕ್ತಾರೆ ಅಂತ," ಎಂದಳು. "ಒಳಗೇ ಇರೋರು ಹಿಂಗೇ ಹಾಕ್ತಾರೆ."

ಅವನು ತಲೆ ಎತ್ತಿ ನೋಡಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಣ್ಣ. ಕಿವಿಗಿಡುವ ಮುಂಚೆಯೇ ಆ ದನಿ ಮೂರು ಮಹಡಿಗೂ ಕೇಳಿತು. "ಏನೋ, ಸಂಜೆ ಆಯ್ತು! ಹೂಂ ಅಂತೀಯೋ ಊಹೂಂ ಅಂತೀಯೋ?"

"ಬರಲ್ಲ ಅಣ್ಣ."

"ಯಾಕೋ? ಹೆಂಡತಿ ಬೇಡ ಅಂದ್ಲಾ?"

"ಬೇಡ ಅನ್ನಲಿಲ್ಲ." ಅವನು ಹಸಿ ನೆಲದ ಕಡೆ ನೋಡಿದ. "ಬಾಗಿಲ ಹತ್ರದ ನೆಲ ಹಾಕಿದ್ದಾಳೆ. ಒಳಗಿಂದ."

ಆ ಕಡೆ ಗಲಾಟೆ ಒಮ್ಮೆಗೇ ನಿಂತಿತು. ಹುಟ್ಟಿದಾಗಿನಿಂದ ಸುಮ್ಮನಿದ್ದು ಗೊತ್ತಿಲ್ಲದ ಅಣ್ಣ ಸುಮ್ಮನಿದ್ದ. "ಒಳಗಿಂದಾನಾ?" ಎಂದ ಕಡೆಗೆ, ಮೆಲ್ಲಗೆ. ಆಮೇಲೆ, "ಸರಿ ಬಿಡಪ್ಪ. ಬೇರೆಯವರನ್ನ ನೋಡ್ಕೋತೀನಿ," ಎಂದು ಫೋನು ಇಟ್ಟ.

ಅವನು ಎದ್ದ. ಚೀಲವನ್ನು ಎತ್ತಿ, ತೂಗಿ, ಹಸಿ ನೆಲದ ಮೇಲಿಂದ ಹಜಾರಕ್ಕೆ ಎಸೆದ. ಅದು ಕರಣೆ, ಸುತ್ತಿಗೆಗಳ ಸಮೇತ ದಢಾರ್ ಎಂದು ಅವಳ ಪಕ್ಕ ಬಿತ್ತು. ಚಪ್ಪಲಿ ಬಿಟ್ಟ. ಪ್ಯಾಂಟು ಮಡಚಿದ. ಅವಳಿಗೆ ಅರ್ಥವಾಗುವ ಹೊತ್ತಿಗೆ ಅವನ ಬಲಗಾಲು ಮೊದಲನೇ ಟೈಲ್ಸಿನ ಮೇಲಿತ್ತು. ಅದು ಒಂದು ಮಗ್ಗುಲಿಗೆ ಕುಸಿದು, ಸಂದಿಯಿಂದ ಗಾರೆ ಉಕ್ಕಿತು.

"ಏಯ್! ಏನ್ ಮಾಡ್ತಿದ್ದೀಯ, ಹಾಳಾಗುತ್ತೆ! ಬೆಳಗ್ಗೆಯಿಂದ ನನ್ನ ಸೊಂಟ ಮುರಿದಿದೆ. ನಾಳೆ ತನಕ ಅಜ್ಜಿ ಮನೇಲಿ ಇರೋ!"

"ಹಾಳಾದ್ರೆ ಆಗ್ಲಿ," ಎಂದ ಅವನು, ಎಡಗಾಲು ಇಡುತ್ತ. ತನ್ನ ಕೈಯಲ್ಲಿ ಒಂದು ಕೂದಲೆಳೆ ಏರುಪೇರಾದರೂ ಇಡೀ ಸಾಲು ಕಿತ್ತು ಹಾಕುವವನು ಅವನು. "ಯಾರು ಬಂದು ಕೇಳ್ತಾರೆ?"

ಒಂದೊಂದು ಹೆಜ್ಜೆಗೂ ಒಂದೊಂದು ಟೈಲ್ಸು ಒಂದೊಂದು ಕಡೆಗೆ ವಾಲಿತು. ಒಂದೊಂದಕ್ಕೂ ಅವಳು ಅಯ್ಯೋ ಅಯ್ಯೋ ಎಂದಳು. ಅವನು ಅವಸರ ಮಾಡಲಿಲ್ಲ. ಗೋಡೆಯನ್ನೂ ಹಿಡಿದುಕೊಳ್ಳಲಿಲ್ಲ. ಹಜಾರ ತಲುಪಿ, ಅವಳ ಹಣೆಗೆ ಅಂಟಿದ್ದ ಸಿಮೆಂಟನ್ನು ಹೆಬ್ಬೆರಳಿನಿಂದ ಒರೆಸಿದ. ಅದು ಆಗಲೇ ಒಣಗಿ ಗಟ್ಟಿಯಾಗಿತ್ತು, ಬರಲಿಲ್ಲ.

ಅವಳಿಗೆ ಅಳು ಬಂತು, ಅತ್ತಳು. ಅವನು ಅಲ್ಲಿ ಒಂದಿಷ್ಟು ಹೊತ್ತು ನಿಂತಿದ್ದು, ಕಾಲು ತೊಳೆದುಕೊಳ್ಳಲು ಬಚ್ಚಲಿನ ಕಡೆ ಹೊರಟ. ಹಾಲುಬಣ್ಣದ ನೆಲದ ಮೇಲೆ, ಹಜಾರದ ಈ ತುದಿಯಿಂದ ಆ ತುದಿಯ ತನಕ, ಅವನ ಸಿಮೆಂಟು ಮೆತ್ತಿದ ಪಾದಗಳ ಗುರುತು ಮೂಡಿತು. ಅವನು ಹಿಂದೆ ತಿರುಗಿ ಅವುಗಳನ್ನು ನೋಡಿದ. ಒರೆಸಲಿಲ್ಲ.